ಮನೆಗೆ ಸರ್ಕಾರದ ‘ಒಪ್ಪಿಗೆ ದರ’ ಬಂದಿದೆ: ಸಹಿ ಹಾಕೋದಾ, ಐತೀರ್ಪಿಗೆ ಕಾಯೋದಾ?

ನಡುಮನೆ_ಕುಮಟಾ
ಕುಮಟಾ ತಾಲ್ಲೂಕು, ಪೇಟೆಯಿಂದ ಆರು ಕಿ.ಮೀ. ಒಳಗೆ, ಗ್ರಾಮ ಪಂಚಾಯ್ತಿ ವ್ಯಾಪ್ತಿ. ಅಜ್ಜ ಕಟ್ಟಿಸಿದ ಮನೆ: ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ಕೊಟ್ಟಿಗೆ, ಬಾವಿ. ಒಟ್ಟು 20 ಗುಂಟೆಯಲ್ಲಿ ರಸ್ತೆ ಯೋಜನೆಗೆ ಮುಂದಿನ 8 ಗುಂಟೆ ಹೋಗ್ತದೆ. ಗುರುತಿನ ಗೆರೆ ಜಗಲಿ ದಾಟಿ ನಡುಮನೆ ಮಧ್ಯಕ್ಕೇ ಬಂದಿದೆ. ಅಡುಗೆಮನೆ, ಬಚ್ಚಲು, ಕೊಟ್ಟಿಗೆ ನಮಗೆ ಉಳೀತದಂತೆ!

ಒಪ್ಪಿಗೆ ಪತ್ರದ ನಮೂನೆ ಕೊಟ್ಟಿದ್ದಾರೆ, ‘ಎಲ್ಲ ಸೇರಿ 45 ಲಕ್ಷ’. ಈಗ ಸಹಿ ಹಾಕಿದ್ರೆ ದುಡ್ಡು ಬೇಗ, ಇಲ್ಲದಿದ್ರೆ ಕೋರ್ಟು ಕಚೇರಿ ಅಲೆದಾಟ ಅಂತ ಬಾಯಿಮಾತು. ಪಾಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದೆ. ಅವರ ಮಕ್ಕಳು ನಾಲ್ವರು: ಅಪ್ಪ, ದೊಡ್ಡಪ್ಪ, ಇಬ್ಬರು ಅತ್ತೆಯರು. ಅಜ್ಜಿ, ದೊಡ್ಡಪ್ಪ ಈಗಿಲ್ಲ. ದೊಡ್ಡಪ್ಪನ ಮಕ್ಕಳು ಮುಂಬೈಯಲ್ಲಿ. ಸಹಿ ಹಾಕೋದಾ ಬೇಡವಾ? ಹಾಕೋ ಮೊದಲು ಎಂತೆಂತ ನೋಡ್ಬೇಕು?

ಪಾಣಿಪತ್ರಿಕೆ
ಯಾವ ಕಾಯ್ದೆ ಕೆಳಗೆ ನೋಟಿಸು? ಅದು ಗೊತ್ತಾಗದೆ ಇಲ್ಲಿ ಯಾರು ಏನು ಹೇಳಿದ್ರೂ ಗಾಳಿಮಾತು.

ಕಡಲದಂಡೆ
45 ಲಕ್ಷ ಅಂದ್ರೆ ಕಮ್ಮಿ ಅಲ್ಲ ಮಾರಾಯ್ರೆ. ಸರ್ಕಾರ ತಗೊಳ್ತೇನೆ ಅಂದ್ಮೇಲೆ ತಗೊಂಡೇ ತಗೊಳ್ತದೆ. ಇಸ್ಕೊಂಡು ಬೇರೆ ಕಡೆ ಮನೆ ಕಟ್ಟಿ.

ಅಳತೆಗೋಲು
@ಕಡಲದಂಡೆ, ತಗೊಳ್ಳೋದು ಖಾತ್ರಿ ಅಂತ್ಲೇ ದರ ಸರಿ ಇದೆಯಾ ಅಂತ ನೋಡ್ಬೇಕು. ಬೇಡ ಅನ್ನೋ ಆಯ್ಕೆ ಹೆಚ್ಚಿನವರಿಗೆ ಇರೋದಿಲ್ಲ, ಎಷ್ಟಕ್ಕೆ ಅನ್ನೋದರಲ್ಲಿ ಮಾತ್ರ ಇರ್ತದೆ.

ಕಾಯ್ದೆ ವಿಷಯ ಪಾಣಿಪತ್ರಿಕೆಯವರು ಕೇಳಿದ್ದು ಸರಿ. ನಮ್ಮ ಜಿಲ್ಲೆಯಲ್ಲಿ ನಾಲ್ಕು ದಾರಿ ಕಾಣ್ತವೆ. ನೋಟಿಸಿನಲ್ಲಿ 3ಎ, 3ಡಿ, 3ಜಿ ಅಂತಿದ್ರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. ಅದರಲ್ಲಿ 3ಎ ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆ ಕೊಡ್ಬೇಕು, ದರದ ತಕರಾರು ಹೋಗೋದು ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ. 28(1), 28(4), 29(2) ಅಂತಿದ್ರೆ ಕೆಐಎಡಿಬಿ ಕಾಯ್ದೆ, ಅದು ಕೈಗಾರಿಕೆಗೆ. 11(1), 19(1), 21, 23 ಅಂತಿದ್ರೆ 2013ರ ಭೂಸ್ವಾಧೀನ ಕಾಯ್ದೆ. ನಾಲ್ಕನೆಯದು ನೇರ ಖರೀದಿ: ಯಾವ ಅಧಿಸೂಚನೆಯೂ ಇಲ್ಲದೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ. ನಾಲ್ಕರಲ್ಲೂ ಸಹಿಯ ಅರ್ಥ ಬೇರೆ, ತೆರಿಗೆ ಬೇರೆ, ಆಮೇಲೆ ಹೋರಾಡೋ ಜಾಗ ಬೇರೆ.

ನಿಮ್ಮ ಕೈಯಲ್ಲಿರೋ ಕಾಗದದ ತಲೆಬರಹ ಓದಿ ಹೇಳಿ.

ನಡುಮನೆ_ಕುಮಟಾ
ನೋಟಿಸಿನಲ್ಲಿ ‘2013ರ ಕಾಯ್ದೆ ಕಲಂ 11(1)’ ಅಂತಿದೆ, ಒಂದು ವರ್ಷವಾಯ್ತು. 19(1) ಘೋಷಣೆ ಹೋದ ತಿಂಗಳು ಆಗಿದೆ. ಈಗ 21ರ ನೋಟಿಸು ಬಂದಿದೆ. ಒಪ್ಪಿಗೆ ನಮೂನೆಯಲ್ಲಿ ‘ಕಲಂ 23ಎ’ ಅಂತ ಬರೆದಿದೆ. ಜೊತೆಗೊಂದು ಲೆಕ್ಕದ ಹಾಳೆ: ಜಮೀನು ಗುಂಟೆಗೆ 1 ಲಕ್ಷ, ಕಟ್ಟಡ ಮತ್ತು ಮರ 14 ಲಕ್ಷ. ಕೆಳಗೆ ಒಟ್ಟು ಮೊತ್ತ ಅಷ್ಟೆ.

ಅಳತೆಗೋಲು
ಹಾಗಾದ್ರೆ ಸಮಯ ಇದೆ. 21ರ ನೋಟಿಸು ಅಂದ್ರೆ ನಿಮ್ಮ ಹಕ್ಕು, ನಿಮ್ಮ ಬೇಡಿಕೆ ಲಿಖಿತವಾಗಿ ಕೊಡಿ ಅನ್ನೋ ಕರೆ. ವಿಚಾರಣೆ ದಿನ ಬರೀ ಕೈಯಲ್ಲಿ ಹೋಗಿ ‘ನೀವೇ ನೋಡಿ ಕೊಡಿ ಸಾರ್’ ಅಂದ್ರೆ ಕಡತದಲ್ಲಿ ನಿಮ್ಮ ಬೇಡಿಕೆ ಅಂತ ಏನೂ ಉಳಿಯೋದಿಲ್ಲ.

ಐತೀರ್ಪು ಅಂದ್ರೆ ಪರಿಹಾರ ಇಷ್ಟು ಅಂತ ನಿಗದಿ ಮಾಡೋ ಆದೇಶ. 23ಎ ಅಂದ್ರೆ ರಾಜ್ಯದ 2019ರ ತಿದ್ದುಪಡಿಯಲ್ಲಿ ಸೇರಿದ ಒಪ್ಪಿಗೆ ಐತೀರ್ಪು. ಅದಕ್ಕೆ ಸಹಿ ಹಾಕಿದ್ರೆ ದರದ ಬಗ್ಗೆ ಮುಂದೆ ಚಕಾರ ಎತ್ತೋ ಹಾಗಿಲ್ಲ. ಸಹಿ ಹಾಕಬಾರದು ಅಂತಲ್ಲ, ಲೆಕ್ಕ ಸರಿಯಾದ ಮೇಲೆ ಹಾಕಿ.

ಘಟ್ಟದಮೇಲೆ
2013ರ ಕಾಯ್ದೆ ಅಂದ್ರೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟು ಬರ್ಬೇಕು. 8 ಲಕ್ಷ ಪ್ಲಸ್ 14, ಒಟ್ಟು 22. ನಾಲ್ಕರಿಂದ ಗುಣಿಸಿ, 88 ಲಕ್ಷ. ನಿಮಗೆ ಅರ್ಧ ಕೊಟ್ಟು ಕೈ ತೊಳೀತಿದ್ದಾರೆ.

ಪಾಣಿಪತ್ರಿಕೆ
ಈ ‘ನಾಲ್ಕು ಪಟ್ಟು’ ಮಾತು ಎಲ್ಲಾ ಕಡೆ ಹಬ್ಬಿ ಜನರ ತಲೆ ಕೆಡಿಸಿದೆ. ನಾಲ್ಕು ಪಟ್ಟು ಬರೋದು ಜಮೀನಿಗೆ ಮಾತ್ರ, ಅದೂ ಗುಣಕ (ಜಮೀನಿನ ಬೆಲೆಯನ್ನ ಎಷ್ಟರಿಂದ ಗುಣಿಸ್ಬೇಕು ಅನ್ನೋ ಅಂಕಿ) 2 ಇದ್ರೆ ಮಾತ್ರ. ಮನೆಗೆ, ಮರಕ್ಕೆ ಗುಣಕ ಇಲ್ಲ. ಆದರೆ ಸೊಲೇಷಿಯಂ, ಅಂದ್ರೆ ಸಾಂತ್ವನ ಮೊತ್ತ, ಅದು ಎರಡಕ್ಕೂ ಇದೆ, ಶೇ. 100.

ಕ್ರಮ ಹೀಗೆ. ಜಮೀನಿನ ಮಾರುಕಟ್ಟೆ ಬೆಲೆ ಗುಣಿಸು ಗುಣಕ. ಅದಕ್ಕೆ ಕಟ್ಟಡ, ಬಾವಿ, ಮರಗಳ ಬೆಲೆ ಕೂಡಿಸಿ. ಬಂದ ಮೊತ್ತದಷ್ಟೇ ಇನ್ನೊಂದು ಸಲ ಸೊಲೇಷಿಯಂ. ಇದರ ಮೇಲೆ ಜಮೀನಿನ ಮೂಲ ಬೆಲೆಗೆ (ಗುಣಕ ಹಾಕದ್ದು) ವರ್ಷಕ್ಕೆ ಶೇ. 12ರ ಹೆಚ್ಚುವರಿ, ಮೊದಲ ಅಧಿಸೂಚನೆಯಿಂದ ಐತೀರ್ಪು ಅಥವಾ ಸ್ವಾಧೀನ, ಯಾವುದು ಮೊದಲೋ ಅಲ್ಲಿವರೆಗೆ.

ನಿಮ್ಮ ಅಂಕಿಗಳನ್ನು ಹಾಕಿ ನೋಡಿದೆ. ಜಮೀನು 8 ಲಕ್ಷ. ಗುಣಕ 1 ಹಿಡಿದ್ರೆ 8 + 14 = 22. ಸೊಲೇಷಿಯಂ ಸೇರಿ 44. ಶೇ. 12ರ ಒಂದು ವರ್ಷದ್ದು 96 ಸಾವಿರ. ಒಟ್ಟು 44.96 ಲಕ್ಷ. ನಿಮ್ಮ 45 ಲಕ್ಷ ಎಲ್ಲಿಂದ ಬಂತು ಗೊತ್ತಾಯ್ತಾ?

ಗುಣಕ 1.5 ಆದ್ರೆ: 12 + 14 = 26, ಎರಡು ಸಲ 52, ಒಟ್ಟು 52.96. ಗುಣಕ 2 ಆದ್ರೆ 60.96.

ಸುರಗಿ
ಅಬ್ಬಾ. ಒಂದು ಅಂಕಿಗೆ 16 ಲಕ್ಷ ವ್ಯತ್ಯಾಸ!

ನಡುಮನೆ_ಕುಮಟಾ
ಹಾಳೆಯಲ್ಲಿ ಗುಣಕ ಅನ್ನೋ ಕಾಲಮ್ಮೇ ಇಲ್ಲವಲ್ಲ.

ಪಾಣಿಪತ್ರಿಕೆ
ಕಾಲಮ್ ಇಲ್ಲದಿದ್ರೆ ಕೇಳಿ ಹಾಕಿಸ್ಕೊಳ್ಳಿ. ಕಾಯ್ದೆಯ ಮೊದಲ ಅನುಸೂಚಿ ಪ್ರಕಾರ ಪೇಟೆಗೆ ಗುಣಕ 1. ಹಳ್ಳಿಗೆ 1ರಿಂದ 2ರವರೆಗೆ, ಪಟ್ಟಣ ಪ್ರದೇಶದಿಂದ ಎಷ್ಟು ದೂರ ಅಂತ ನೋಡಿ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿರ್ತದೆ. ನಿಮ್ಮದು ಗ್ರಾಮ ಪಂಚಾಯ್ತಿ, ಪುರಸಭೆ ಅಲ್ಲ. ‘ನಮ್ಮ ಸರ್ವೆ ನಂಬರಿಗೆ ಯಾವ ಗುಣಕ, ಯಾವ ಆದೇಶದ ಪ್ರಕಾರ, ದೂರ ಎಲ್ಲಿಂದ ಎಲ್ಲಿಗೆ ಅಳೆದಿದ್ದು’: ಈ ಮೂರು ಪ್ರಶ್ನೆ ಅರ್ಜಿಯಲ್ಲಿ ಬರೆದು ಸ್ವೀಕೃತಿ ಮೊಹರು ಹಾಕಿಸ್ಕೊಂಡು ಬನ್ನಿ. ಬಾಯಲ್ಲಿ ಕೇಳಿದ್ರೆ ಬಾಯಲ್ಲೇ ಉತ್ತರ.

ಘಟ್ಟದಮೇಲೆ
ಸರಿ, ಮನೆಗೆ ಗುಣಕ ಇಲ್ಲ, ಒಪ್ಪಿದೆ. ಆದ್ರೆ ಗುಂಟೆಗೆ 1 ಲಕ್ಷ ಅನ್ನೋದೇ ನಂಬೋ ದರ ಅಲ್ಲ. ಕುಮಟಾ ಸುತ್ತಮುತ್ತ ರಸ್ತೆಬದಿ ಜಾಗ ಆ ದರಕ್ಕೆ ಯಾರು ಕೊಡ್ತಾರೆ?

ಹೊಳೆಸಾಲು
ಕೊಡೋದು ಬೇರೆ, ಕಾಗದದಲ್ಲಿ ಬರೆಯೋದು ಬೇರೆ. ಸರ್ಕಾರ ನೋಡೋದು ಕಾಗದ. ಕಲಂ 26ರ ಪ್ರಕಾರ ಮುದ್ರಾಂಕ ಮಾರ್ಗಸೂಚಿ ದರ ಒಂದು ಕಡೆ, ಅಕ್ಕಪಕ್ಕದ ಅದೇ ಥರದ ಜಮೀನಿನ ನೋಂದಾಯಿತ ಕ್ರಯಗಳ ಸರಾಸರಿ ಇನ್ನೊಂದು ಕಡೆ. ಯಾವುದು ಹೆಚ್ಚೋ ಅದು. ಸರಾಸರಿ ಅಂದ್ರೆ ಎಲ್ಲದರದ್ದೂ ಅಲ್ಲ. ಹಿಂದಿನ ಮೂರು ವರ್ಷದ ಕ್ರಯಪತ್ರಗಳನ್ನ ದರದ ಪ್ರಕಾರ ಇಳಿಕೆಯಲ್ಲಿಟ್ಟು ಮೇಲಿನ ಅರ್ಧ ಮಾತ್ರ ತಗೊಂಡು ಸರಾಸರಿ.

ಉದಾಹರಣೆಗೆ ಆರು ಕ್ರಯ ಆಗಿದೆ ಅಂತಿಟ್ಕೊಳ್ಳಿ, ಗುಂಟೆಗೆ 60 ಸಾವಿರ, 70, 80, 1.1 ಲಕ್ಷ, 1.3, 1.5. ಆರರ ಸರಾಸರಿ 1 ಲಕ್ಷ. ಮೇಲಿನ ಮೂರರದ್ದು 1.3 ಲಕ್ಷ. ಆರನ್ನೂ ಕೂಡಿಸಿ ಭಾಗಿಸಿದ ಹಾಳೆ ನಿಮ್ಮ ಮುಂದಿಟ್ಟರೆ ನೋಡಿದ ಕೂಡಲೇ ಗೊತ್ತಾಗೋದಿಲ್ಲ.

ಕ್ರಯಗಳ ವಿವರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗ್ತದೆ. ಕಾವೇರಿ ಪೋರ್ಟಲ್ಲಿನಲ್ಲಿ ಅಕ್ಕಪಕ್ಕದ ಸರ್ವೆ ನಂಬರುಗಳ ಇಸಿ (ಋಣಭಾರ ಪತ್ರ) ತೆಗೆದ್ರೆ ಯಾವ ಪತ್ರ ಯಾವಾಗ ಆಗಿದೆ ಗೊತ್ತಾಗ್ತದೆ, ಆಮೇಲೆ ದೃಢೀಕೃತ ನಕಲು. ಹಳೇ ಯೋಜನೆಗೆ ಕೊಟ್ಟ ಪರಿಹಾರದ ದರವನ್ನ ಈ ಸರಾಸರಿಗೆ ಸೇರಿಸೋ ಹಾಗಿಲ್ಲ, ಅದೂ ಗೊತ್ತಿರ್ಲಿ.

ಕಡಲದಂಡೆ
ಅದಕ್ಕೇ ಹೇಳೋದು. ಊರಿಗೆ ಊರೇ ಸ್ಟಾಂಪ್ ಡ್ಯೂಟಿ ಉಳಿಸೋಕೆ ಅರ್ಧ ದರ ಬರೆಸೋದು, ಆಮೇಲೆ ಸರ್ಕಾರ ಕಮ್ಮಿ ಕೊಡ್ತು ಅಂತ ಗೋಳಾಡೋದು. ಇದು ನಾವೇ ತೋಡಿದ ಗುಂಡಿ.

ಹೊಳೆಸಾಲು
ಅದು ನಿಜ. ಆದ್ರೆ ರಾಜ್ಯದ ಮಾರ್ಗಸೂಚಿ ದರ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆ ಆಗಿದೆ. ಅಧಿಸೂಚನೆ ಅದರ ನಂತರದ್ದಾದ್ರೆ ಹಳೇ ದರ ಹಿಡಿದಿದ್ದಾರಾ ಅಂತ ನೋಡಿ. ಇನ್ನೊಂದು, ನಿಮ್ಮ ಜಮೀನಿನ ವರ್ಗ. ಪಾಣಿಯಲ್ಲಿ ಖುಷ್ಕಿ ಅಂತಿದ್ದು ಸ್ಥಳದಲ್ಲಿ ತೆಂಗು, ಅಡಿಕೆ ಇದ್ರೆ ಬಾಗಾಯ್ತಿನ ದರ ಕೇಳ್ಬೇಕು. ಬೆಳೆ ಕಾಲಮ್ಮಿನಲ್ಲಿ ಏನು ನಮೂದಾಗಿದೆ ಅನ್ನೋದು ಆಗ ಕೆಲಸಕ್ಕೆ ಬರ್ತದೆ.

ಹಂಚಿನಮಾಡು
ಜಮೀನಿನ ಬಗ್ಗೆ ಎಲ್ಲರೂ ಹೇಳಿದ್ರು. ಮನೆ ಬಗ್ಗೆ ಯಾರೂ ಕೇಳ್ಲಿಲ್ಲ. ಆ 14 ಲಕ್ಷ ಇಡೀ ಮನೆಗಾ ಅಥವಾ ಗೆರೆವರೆಗಿನ ಅರ್ಧ ಮನೆಗಾ?

ನಡುಮನೆ_ಕುಮಟಾ
ಗೆರೆವರೆಗೆ ಮಾತ್ರ ಅಳೆದಿದ್ದು.

ಹಂಚಿನಮಾಡು
ಹಾಗಾದ್ರೆ ಈ ಹಾಳೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ, ಗುಣಕ ಅಲ್ಲ. ಚಿರೆಕಲ್ಲಿನ ಮನೆಯನ್ನ ಮಧ್ಯಕ್ಕೆ ಕತ್ತರಿಸೋಕೆ ಆಗೋದಿಲ್ಲ. ಮಾಡಿನ ಪಕಾಸಿ, ರೀಪು ಎಲ್ಲ ನಡುಮನೆಯ ತೊಲೆ ಮೇಲೆ ನಿಂತಿರ್ತವೆ. ಆ ತೊಲೆ ಕುಂತಿರೋ ಗೋಡೆ ಹೋದ್ರೆ ಹಿಂದಿನ ಅಡುಗೆಮನೆಯ ಮಾಡು ಮುಂದಕ್ಕೆ ಜಾರ್ತದೆ. ಜೆಸಿಬಿ ಹತ್ತಿರ ಬಂದಾಗಲೇ ಉಳಿದ ಗೋಡೆಯಲ್ಲಿ ಬಿರುಕು. ಹಳೇ ಮನೆಗಳಲ್ಲಿ ಕಲ್ಲಿನ ಮಧ್ಯೆ ಸಿಮೆಂಟ್ ಇರೋದಿಲ್ಲ, ಮಣ್ಣು ಅಥವಾ ಸುಣ್ಣದ ಗಾರೆ. ತೆರೆದ ಕಡೆಯಿಂದ ಒಂದು ಮಳೆಗಾಲ ನೀರು ಇಳಿದ್ರೆ ಗಾರೆ ತೊಳೆದು ಹೋಗಿ ಕಲ್ಲು ಸಡಿಲ.

ಕಲಂ 94 ನೋಡಿ. ಮನೆಯ ಒಂದು ಭಾಗ ಮಾತ್ರ ಬೇಕು ಅಂದಾಗ ಮಾಲೀಕ ‘ತಗೊಳ್ಳೋದಾದ್ರೆ ಇಡೀ ಮನೆ ತಗೊಳ್ಳಿ’ ಅಂತ ಹೇಳಬಹುದು. ಹೇಳಿದ ಮೇಲೆ ಬರೀ ಭಾಗ ತಗೊಳ್ಳೋಕೆ ಈ ಕಾಯ್ದೆ ಬಳಸೋ ಹಾಗಿಲ್ಲ. ಐತೀರ್ಪು ಆಗೋ ಮೊದಲು ಹೇಳ್ಬೇಕು.

ಅಳತೆಗೋಲು
ಇದು ಸರಿಯಾದ ಮಾತು. ಬೇರೆಯವರು ಓದ್ತಾರೆ ಅಂತ ಒಂದು ಸೇರಿಸ್ತೇನೆ. 1956ರ ಹೆದ್ದಾರಿ ಕಾಯ್ದೆಯಲ್ಲಿ 94ರಂಥ ನೇರ ಕಲಂ ಇಲ್ಲ. ಅಲ್ಲಿ 3ಜಿ(7)ರ ಕೆಳಗೆ, ಭಾಗ ಬೇರ್ಪಟ್ಟದ್ದರಿಂದ ಉಳಿದ ಆಸ್ತಿಗೆ ಆದ ನಷ್ಟ ಅಂತ ಕೇಳ್ಬೇಕು.

ಹಂಚಿನಮಾಡು
ಮನೆ ಅಳತೆ ಹಾಳೆ ಲೋಕೋಪಯೋಗಿ ಇಲಾಖೆ ಎಂಜಿನಿಯರದ್ದು, ಅದರ ನಕಲು ಬೇಕೇ ಬೇಕು. ಅದರಲ್ಲಿ ಬಿಟ್ಟುಹೋಗೋ ವಸ್ತುಗಳು ಎಲ್ಲಾ ಕಡೆ ಒಂದೇ: ಬಾವಿಯ ಕಟ್ಟೆ ಬರೆದಿರ್ತಾರೆ, ಒಳಗಿನ ಕಲ್ಲು ಕಟ್ಟಿದ ಆಳ ಬರೆದಿರೋದಿಲ್ಲ. ಕಂಪೌಂಡಿನ ಉದ್ದ ಇರ್ತದೆ, ತಳಪಾಯದ ಆಳ ಇಲ್ಲ. ಶೌಚದ ಗುಂಡಿ, ಪಂಪಿನ ಮನೆ, ನೆಲದೊಳಗಿನ ಪೈಪು, ಅಂಗಳಕ್ಕೆ ಹಾಸಿದ ಕಲ್ಲು, ತುಳಸಿಕಟ್ಟೆ, ಕಟ್ಟಿಗೆ ಮನೆ, ಇಳಿಜಾರಿಗೆ ಕಟ್ಟಿದ ಧರೆಗೋಡೆ. ಹಲಸಿನ ಕಂಬ, ಕೆತ್ತನೆ ಬಾಗಿಲಿದ್ರೂ ಹಾಳೆಯಲ್ಲಿ ‘ಮರದ ಬಾಗಿಲು 1’. ಗೋಡೆ ದಪ್ಪ ಒಂದೂವರೆ ಅಡಿ ಇದ್ದದ್ದು ಮಾಮೂಲಿ ಒಂಬತ್ತಿಂಚು ಅಂತ ಬರೆದಿದ್ದಾರಾ ನೋಡಿ.

ಸವಕಳಿ ಅಂತ ಎಷ್ಟು ಕಳೆದಿದ್ದಾರೆ ಅನ್ನೋದನ್ನೂ ಕೇಳಿ. ಹಳೇ ಮನೆಗೆ ವರ್ಷಕ್ಕಿಷ್ಟು ಅಂತ ಕಳೀತಾ ಹೋದ್ರೆ ಗಟ್ಟಿ ಮನೆಯೂ ಗುಜರಿ ಬೆಲೆಗೆ ಬಂದುಬಿಡ್ತದೆ. ನೋಂದಾಯಿತ ಮೌಲ್ಯಮಾಪಕರಿಂದ ಇಡೀ ಮನೆಯ ವರದಿ ಮಾಡಿಸಿ 21ರ ಬೇಡಿಕೆ ಜೊತೆ ಲಗತ್ತಿಸಿ. ಈಗ ಕಡತಕ್ಕೆ ಸೇರಿದ್ರೆ ಮುಂದೆ ದರದ ತಕರಾರು ಕೇಳೋ ಪ್ರಾಧಿಕಾರದ ಎದುರು ಅದೇ ನಿಮ್ಮ ಸಾಕ್ಷಿ.

ಸುರಗಿ
ಮರಗಳು? ತೆಂಗಿಗೆ ಎಷ್ಟು ಅಂತ ಹಾಕ್ತಾರೆ?

ತೋಟದಬದಿ
ಫಲ ಕೊಡೋ ಮರ ತೋಟಗಾರಿಕೆ ಇಲಾಖೆ, ನಾಟದ ಮರ ಅರಣ್ಯ ಇಲಾಖೆ. ತೆಂಗು, ಅಡಿಕೆಗೆ ವಯಸ್ಸು, ವರ್ಷದ ಇಳುವರಿ, ಇನ್ನೆಷ್ಟು ವರ್ಷ ಫಲ ಕೊಡ್ತದೆ ಅಂತ ನೋಡಿ ಲೆಕ್ಕ. ಏಟು ಬೀಳೋದು ಎಳೇ ಮರಕ್ಕೆ. ಇನ್ನೊಂದು ವರ್ಷಕ್ಕೆ ಸಿಂಗಾರ ಬಿಡೋ ಅಡಿಕೆ ಮರವನ್ನ ‘ಸಸಿ’ ಅಂತ ಬರೆದು ಪುಡಿಗಾಸು ಹಾಕಿರ್ತಾರೆ. ಮೆಣಸಿನ ಬಳ್ಳಿ ಅಡಿಕೆ ಮರಕ್ಕೆ ಹಬ್ಬಿದ್ರೆ ಅದು ಬೇರೆ ಬಾಬ್ತು, ಮರದ ಜೊತೆ ಸೇರಿ ಹೋಗಬಾರದು. ಮುರುಗಲು, ವಾಟೆ, ಅಪ್ಪೆಮಿಡಿ ಇಂಥವು ಇದ್ರೆ ಹೆಸರು ಹೇಳಿ ಬರೆಸಿ, ಇಲ್ಲದಿದ್ರೆ ‘ಕಾಡುಮರ’.

ನಡುಮನೆ_ಕುಮಟಾ
ಅಂಗಳದ ಮೂಲೆಯಲ್ಲಿ ಒಂದು ಕರಿ ಇಶಾಡ ಇದೆ. ‘ಮಾವು, ಸ್ಥಳೀಯ, 1’ ಅಂತ ಬರೆದಿದ್ದಾರೆ.

ತೋಟದಬದಿ
ಅಯ್ಯೋ! ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ ಮಾರಾಯ್ರೆ, ‘ಸ್ಥಳೀಯ’ ಅಂತ ಬರೆದು ಮುಗಿಸೋ ಮರ ಅಲ್ಲ ಅದು. ತಳಿ ಹೆಸರು ಹಾಕಿಸಿ. ಮರ ಹೇಗೂ ಹೋಗ್ತದೆ, ಕಡಿಯೋ ಮೊದಲು ಕಸಿ ಮಾಡ್ಕೊಳ್ಳಿ. ಜೂನಿನಿಂದ ಆಗಸ್ಟ್‌ವರೆಗೆ ನಮ್ಮ ಕರಾವಳಿಗೆ ಸರಿಯಾದ ಕಾಲ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ತಿಂಗಳ ಕಡ್ಡಿ ಆರಿಸಿ, ಎಂಟು ಹತ್ತು ದಿನ ಮೊದಲೇ ಎಲೆ ಸವರಿ ಬಿಡಿ. ತುದಿ ಮೊಗ್ಗು ಉಬ್ಬಿದಾಗ ಕೊಯ್ದು ಊರಿನ ಮಾವಿನ ಗೊರಟಿನ ಸಸಿಗೆ ಕಟ್ಟಿ.

ಸುರಗಿ
ನನಗೂ ಎರಡು ಕಡ್ಡಿ ಬೇಕು 😀

ಪಾಣಿಪತ್ರಿಕೆ
ಇಲ್ಲಿ ಮನೆ ಹೋಗ್ತಾ ಇದೆ, ಇವರಿಗೆ ಮಾವಿನಕಾಯಿ.

ಶಿರಸಿ_ಸಿಂಗಾರ
ಎಲ್ಲರೂ ದರದ ಹಿಂದೆ ಬಿದ್ದಿದ್ದೀರಿ. ದರ ಎಷ್ಟೇ ಆಗ್ಲಿ, ಪಾಣಿಯಲ್ಲಿ ತೀರಿಹೋದವರ ಹೆಸರಿದ್ರೆ ದುಡ್ಡು ಯಾರ ಖಾತೆಗೂ ಬರೋದಿಲ್ಲ. ಮೊದಲು ಅಜ್ಜನ ಮರಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅದರ ಮೇಲೆ ಪೌತಿ ಖಾತೆ, ಅಂದ್ರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ. ವಂಶವೃಕ್ಷದಲ್ಲಿ ಇಬ್ಬರು ಅತ್ತೆಯರ ಹೆಸರೂ ಬರ್ಲೇಬೇಕು. ‘ಮದುವೆಯಾಗಿ ಹೋದವರು, ಬೇಡ’ ಅಂತ ಬಿಟ್ಟು ಮಾಡಿಸಿದ ವಂಶವೃಕ್ಷದ ಮೇಲೆ ನಿಂತ ಒಪ್ಪಿಗೆ ಮುಂದೆ ಕೋರ್ಟಿನಲ್ಲಿ ನಿಲ್ಲೋದಿಲ್ಲ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕು ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಜಾಗ ಅಜ್ಜನ ಸ್ವಯಾರ್ಜಿತ ಆಗಿದ್ರೂ, ಮರಣಶಾಸನ ಇಲ್ಲದಿದ್ರೆ ನಾಲ್ಕು ಮಕ್ಕಳಿಗೆ ನಾಲ್ಕು ಪಾಲು. ದೊಡ್ಡಪ್ಪನ ಪಾಲು ಅವರ ಹೆಂಡತಿ ಮಕ್ಕಳಿಗೆ.

ಕಡಲದಂಡೆ
ಅತ್ತೆಯರಿಂದ ಹಕ್ಕು ಬಿಡುಗಡೆ ಬರೆಸ್ಕೊಂಡ್ರೆ ಮುಗೀತಲ್ಲ. ನಮ್ಮ ಕಡೆ ಎಲ್ಲರೂ ಹಾಗೇ ಮಾಡೋದು.

ಶಿರಸಿ_ಸಿಂಗಾರ
ಅವರಾಗಿ ಬರೆದುಕೊಟ್ರೆ ಸರಿ. ಮೊತ್ತ ಎಷ್ಟು ಅಂತ ಹೇಳದೆ ‘ಇಲ್ಲೊಂದು ಸಹಿ ಹಾಕು ಅಕ್ಕಾ, ಆಫೀಸಿನವರು ಕೇಳಿದ್ದಾರೆ’ ಅಂತ ತಗೊಂಡ್ರೆ ಅದು ಮೋಸ, ನಾಳೆ ದಾವೆಗೂ ದಾರಿ. ನಾಲ್ಕು ಖಾತೆ, ನಾಲ್ಕು ಪಾಸ್‌ಬುಕ್, ಆಯಾ ಪಾಲು ಆಯಾ ಖಾತೆಗೆ. ಯಾರಾದ್ರೂ ಒಬ್ಬರು ತಕರಾರು ತೆಗೆದ್ರೂ ಒಟ್ಟು ಕೆಲಸ ನಿಲ್ಲೋದಿಲ್ಲ. ತಕರಾರಿನ ಹಣವನ್ನ 77(2)ರ ಕೆಳಗೆ ಪ್ರಾಧಿಕಾರದಲ್ಲಿ ಠೇವಣಿ ಇಡ್ತಾರೆ.

ಮುಂಬೈಯವರು ಬರೋಕೆ ಆಗದಿದ್ರೆ ಅಧಿಕಾರಪತ್ರ ಕಳಿಸ್ಲಿ. ‘ನನ್ನ ಪರವಾಗಿ ಎಲ್ಲ ವ್ಯವಹಾರ’ ಅನ್ನೋ ಮೊಗಮ್ಮು ಬರಹ ಬೇಡ. ಸರ್ವೆ ನಂಬರು, ಹಿಸ್ಸಾ, ಒಪ್ಪಿಗೆ ಕೊಡೋ ಅಧಿಕಾರ, ಹಣ ಪಡೆಯೋ ಅಧಿಕಾರ ಇದೆಯೋ ಇಲ್ಲವೋ, ಎಲ್ಲ ಬಿಡಿಸಿ ಬರೆದಿರ್ಬೇಕು. ಪಾಣಿಯ 11ನೇ ಕಾಲಮ್ಮಿನಲ್ಲಿ ಸೊಸೈಟಿ ಸಾಲದ ಬೋಜಾ ಇದ್ರೆ ಅದನ್ನೂ ನೋಡಿ. ಸಾಲ ಎಂದೋ ತೀರಿದ್ರೂ ಬೋಜಾ ಇಳಿಸದೆ ಬಿಟ್ಟ ಪಾಣಿಗಳು ರಾಶಿ ಇವೆ. ಸೊಸೈಟಿಯಿಂದ ತೀರುವಳಿ ಪತ್ರ ತಂದು ಕಮ್ಮಿ ಮಾಡಿಸಿ.

ಘಟ್ಟದಮೇಲೆ
ನನ್ನ ಅಭಿಪ್ರಾಯ ಬೇರೆ. ಇಷ್ಟೆಲ್ಲ ಓಡಾಡೋಕೆ ಎಷ್ಟು ಕಾಲ ಬೇಕು? ಕಾರವಾರದ ನೌಕಾನೆಲೆ ಯೋಜನೆ ಸೀಬರ್ಡ್ ನೋಡಿ. 1986ರಲ್ಲಿ ಶಂಕುಸ್ಥಾಪನೆ, ಕಾರವಾರ ಅಂಕೋಲೆಯ ಜನ ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದ್ರು. ಅರ್ಜಿ ಹಾಕಿದ ಎಷ್ಟೋ ಮಂದಿ ದುಡ್ಡು ನೋಡ್ಲೇ ಇಲ್ಲ. ಕೈಯಲ್ಲಿದ್ದದ್ದು ದುಡ್ಡು.

ಅಳತೆಗೋಲು
ಸೀಬರ್ಡ್ 1894ರ ಹಳೇ ಕಾಯ್ದೆಯದ್ದು. ಆಗ ಸೊಲೇಷಿಯಂ ಶೇ. 30, ಗುಣಕ ಇರ್ಲೇ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಅಲ್ಲದೆ ಅಷ್ಟು ವರ್ಷ ಹೋರಾಡಿದವರಿಗೆ ದರ ಏರಿದ್ದೂ ಕೋರ್ಟಿನಿಂದಲೇ.

‘ಒಪ್ಪಿ ದುಡ್ಡು ತಗೊಳ್ಳೋದು, ಇಲ್ಲಾ ಒಪ್ಪದೆ ಬರಿಗೈಯಲ್ಲಿ ಕೂರೋದು’ ಅಂತ ಎರಡೇ ದಾರಿ ಇದೆ ಅಂದ್ಕೊಂಡಿದ್ದೀರಿ. ಮೂರನೆಯದು ಇದೆ. 23ಎ ಒಪ್ಪಂದಕ್ಕೆ ಸಹಿ ಹಾಕದೆ ಸಾಮಾನ್ಯ ಐತೀರ್ಪು ಆಗ್ಲಿ ಅಂತ ಬಿಡಿ. ಐತೀರ್ಪಿನ ಹಣವನ್ನ ‘ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ’ ಅಂತ ಬರೆದು ಪಡೀರಿ. ರಸೀದಿಯಲ್ಲಿ, ನೀವೇ, ಸಹಿಯ ಮೇಲುಗಡೆ. ಈ ಸಾಲು ಇಲ್ಲದೆ ಹಣ ಪಡೆದ್ರೆ ಕಲಂ 77ರ ಪ್ರಕಾರ ಹೆಚ್ಚುವರಿ ಕೇಳೋ ಅರ್ಜಿಗೆ ಅರ್ಹತೆ ಹೋಯ್ತು. ಸಾಲು ಇದ್ರೆ ಹಣವೂ ಕೈಯಲ್ಲಿ, ಹಕ್ಕೂ ಕೈಯಲ್ಲಿ.

ಅರ್ಜಿ ಕಲಂ 64ರ ಕೆಳಗೆ. ಐತೀರ್ಪು ಹೇಳುವಾಗ ನೀವು ಎದುರಿಗಿದ್ರೆ ಆ ದಿನದಿಂದ ಆರು ವಾರ. ಇಲ್ಲದಿದ್ರೆ ನೋಟಿಸು ಸಿಕ್ಕ ಮೇಲೆ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲು ಮುಗೀತದೋ ಅದು. ಅಲ್ಲಿಂದ ಪ್ರಾಧಿಕಾರ, ಅದರ ಮೇಲೆ ಹೈಕೋರ್ಟು. ನಮ್ಮ ಜಿಲ್ಲೆಗೆ ಧಾರವಾಡ ಪೀಠ. ದರ ಏರಿದ್ರೆ ಏರಿದ ಮೊತ್ತಕ್ಕೆ ಸ್ವಾಧೀನದ ದಿನದಿಂದ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಬಡ್ಡಿ.

ಘಟ್ಟದಮೇಲೆ
ಆರು ವಾರ ದಾಟಿದ್ರೆ?

ಅಳತೆಗೋಲು
ಇನ್ನೊಂದು ವರ್ಷದೊಳಗೆ ಸಕಾರಣ ಕೊಟ್ರೆ ಜಿಲ್ಲಾಧಿಕಾರಿ ಒಪ್ಪಿಕೊಳ್ಳೋ ಅವಕಾಶ ಇದೆ. ಅದನ್ನ ನೆಚ್ಚಿ ಕೂರೋದು ಬೇಡ.

ಹೊಳೆಸಾಲು
ತೆರಿಗೆ ಬಗ್ಗೆ: 2013ರ ಕಾಯ್ದೆಯ ಕಲಂ 96ರ ಪ್ರಕಾರ ಈ ಕಾಯ್ದೆಯ ಐತೀರ್ಪಿಗಾಗ್ಲಿ ಒಪ್ಪಂದಕ್ಕಾಗ್ಲಿ ಆದಾಯ ತೆರಿಗೆಯೂ ಇಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ಆದಾಯ ತೆರಿಗೆ ಇಲಾಖೆಯ 2016ರ ಸುತ್ತೋಲೆ 36 ಕೂಡ ಅದನ್ನೇ ಹೇಳ್ತದೆ. ಹಾಗಿದ್ದೂ ಕಚೇರಿಯಲ್ಲಿ ಶೇ. 10 ಟಿಡಿಎಸ್ ಹಿಡಿದುಬಿಡ್ತಾರೆ, ಪಾನ್ ಕೊಡದಿದ್ರೆ ಶೇ. 20. ಹಣ ಬಿಡುಗಡೆಗೆ ಮೊದಲೇ 96 ಉಲ್ಲೇಖಿಸಿ ಒಂದು ಪತ್ರ ಕೊಡಿ. ಹಿಡಿದುಬಿಟ್ರೆ ರಿಟರ್ನ್ ಹಾಕಿ ವಾಪಸ್ ಪಡೀಬೇಕು.

ಆದ್ರೆ ಯಾರಾದ್ರೂ ‘ಈ ತಾಪತ್ರಯ ಬೇಡ, ನೇರ ಕ್ರಯಪತ್ರ ಮಾಡ್ಕೊಡಿ’ ಅಂದ್ರೆ ಹುಷಾರು. ಅದು ಮಾಮೂಲಿ ಮಾರಾಟ, ಬಂಡವಾಳ ಲಾಭದ ಲೆಕ್ಕಕ್ಕೆ ಬರ್ತದೆ. ಅದೇ 45 ಲಕ್ಷ ಆಗ 45 ಅಲ್ಲ.

ಸುರಗಿ
ಮನೆ ಕಳಕೊಂಡವರಿಗೆ ಬೇರೆ ಮನೆ, ಸಾಗಣೆ ಖರ್ಚು ಅಂತೆಲ್ಲ ಇದೆಯಂತಲ್ಲ, ಅದು ಈ 45ರೊಳಗೇ ಸೇರಿದೆಯಾ?

ಪಾಣಿಪತ್ರಿಕೆ
ಒಳ್ಳೇ ಪ್ರಶ್ನೆ. ಅದು ಎರಡನೇ ಅನುಸೂಚಿ, ಪರಿಹಾರಕ್ಕಿಂತ ಬೇರೆ. ಹಳ್ಳಿಯಲ್ಲಿ ಮನೆ ಹೋದ್ರೆ ಇಂದಿರಾ ಆವಾಸ್ ಅಳತೆಯ ಮನೆ ಅಥವಾ ಅದರ ಹಣ, ಸಾಗಣೆಗೆ 50,000, ಒಂದು ಸಲದ ಪುನರ್ವಸತಿ ಭತ್ಯೆ 50,000, ಒಂದು ವರ್ಷ ತಿಂಗಳಿಗೆ 3,000, ದನದ ಕೊಟ್ಟಿಗೆಗೆ ಕನಿಷ್ಠ 25,000. ಉದ್ಯೋಗ ಅಥವಾ 5 ಲಕ್ಷ ಅಥವಾ 20 ವರ್ಷ ತಿಂಗಳಿಗೆ 2,000, ಇದರಲ್ಲಿ ಒಂದು. ಈ ಮೊತ್ತಗಳು 2013ರಲ್ಲಿ ಬರೆದವು. ‘ಎಲ್ಲ ಸೇರಿ’ ಅನ್ನೋ ಎರಡು ಪದಕ್ಕೆ ಸಹಿ ಹಾಕಿದ್ರೆ ಇವೆಲ್ಲ ಅದರೊಳಗೆ ಮುಳುಗ್ತವೆ. ನಾನು ಲೆಕ್ಕ ಹಾಕಿ ತೋರಿಸಿದ ಹಾಗೆ 44.96ರಲ್ಲಿ ಇವಕ್ಕೆ ಒಂದು ಪೈಸೆಯೂ ಇಲ್ಲ. ಆ ಪದ ಹೊಡೆದು ಹಾಕಿಸಿ, ಇಲ್ಲಾ ಬಾಬ್ತು ಬಾಬ್ತು ಬರೆಸಿ.

ಅಘನಾಶಿನಿ_ಬದಿ
ನಮ್ಮದು ಅತಿಕ್ರಮಣದ ಮನೆ, ಪಾಣಿಯೇ ಇಲ್ಲ. ನಮ್ಮಂಥವರಿಗೆ ಏನೂ ಸಿಗೋದಿಲ್ವಾ?

ಶಿರಸಿ_ಸಿಂಗಾರ
ಜಾಗ ಕಂದಾಯದ್ದಾ ಅರಣ್ಯದ್ದಾ ಅನ್ನೋದು ಮೊದಲು. ಕಂದಾಯ ಜಾಗದ ಮನೆಗೆ 94ಸಿ (ಭೂ ಕಂದಾಯ ಕಾಯ್ದೆಯ ಕೆಳಗೆ ಸಕ್ರಮಕ್ಕೆ ಹಾಕೋ) ಅರ್ಜಿ ಹಾಕಿದ್ರೆ ಅದರ ಸ್ಥಿತಿ ತಗೊಳ್ಳಿ. ಅರಣ್ಯ ಆದ್ರೆ 2006ರ ಅರಣ್ಯ ಹಕ್ಕು ಕಾಯ್ದೆ. 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ವಾಸ, ಬುಡಕಟ್ಟಿನವರಲ್ಲದವರಿಗೆ ಮೂರು ತಲೆಮಾರಿನ ಅಂದ್ರೆ 75 ವರ್ಷದ ನೆಲೆ ತೋರಿಸ್ಬೇಕು. ನಮ್ಮ ಜಿಲ್ಲೆಯಲ್ಲಿ ಅರ್ಜಿಗಳು ತಿರಸ್ಕಾರವಾಗೋದು ಹೆಚ್ಚಾಗಿ ಇದರಲ್ಲೇ. ಜಮೀನಿನ ಬೆಲೆ ಸಿಗದಿದ್ರೂ ಕಟ್ಟಿದ ಮನೆ, ನೆಟ್ಟ ಮರದ ಬೆಲೆ ಕೇಳಿ. ಪಂಚಾಯ್ತಿ ಮನೆ ನಂಬರು, ಕಂದಾಯ ರಸೀದಿ, ಹೆಸ್ಕಾಂ ಬಿಲ್ಲು, ಪಡಿತರ ಚೀಟಿ, ಮತದಾರರ ಪಟ್ಟಿ ಎಷ್ಟು ಹಳೇದು ಸಿಕ್ಕಿದ್ರೂ ಇಟ್ಕೊಳ್ಳಿ. ಬೇರೆ ಚರ್ಚೆಯಾಗಿ ಕೇಳಿ, ಇಲ್ಲಿ ಬರೆದ್ರೆ ಕಳೆದು ಹೋಗ್ತದೆ.

ಹಂಚಿನಮಾಡು
ಉಳಿಯೋ 12 ಗುಂಟೆ ಬಗ್ಗೆ ಯೋಚಿಸಿದ್ದೀರಾ? ಅಲ್ಲೇ ಹೊಸ ಮನೆ ಅನ್ನೋ ಲೆಕ್ಕ ಇದ್ರೆ ಮೊದಲು ಮೂರು ಸಂಗತಿ ನೋಡಿ. ರಸ್ತೆಯಿಂದ ಎಷ್ಟು ದೂರ ಬಿಟ್ಟು ಕಟ್ಟೋಕೆ ಬಿಡ್ತಾರೆ, ಗಡಿರೇಖೆ ನಿಮ್ಮ 12 ಗುಂಟೆಯಲ್ಲಿ ಎಷ್ಟನ್ನ ತಿನ್ನುತ್ತೆ. ಹೊಸ ರಸ್ತೆ ಎತ್ತರಿಸಿದ್ರೆ ಹಿಂದಿನ ಜಾಗ ತಗ್ಗಾಗಿ ಮಳೆನೀರು ಎಲ್ಲಿಗೆ, ಚರಂಡಿ ಮೋರಿ ನಕ್ಷೆಯಲ್ಲಿ ಎಲ್ಲಿದೆ. ಹೊಳೆ ಹಿನ್ನೀರು ಹತ್ತಿರ ಇದ್ರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಎಲ್ಲಿ ಬರ್ತದೆ, ಉಬ್ಬರದ ನೀರು ಬರೋ ಹೊಳೆಗೂ ಅದು ಅನ್ವಯ.

ಕಡಲದಂಡೆ
ಹಿಂದೆ ಗುಡ್ಡ ಇದ್ರೆ ಅದನ್ನೂ ನೋಡಿ. ಶಿರೂರಿನ ಗುಡ್ಡ ಕುಸಿತ ಮರೀಬೇಡಿ, 2024ರ ಜುಲೈ 16. ರಸ್ತೆಗೆ ಅಂತ ಗುಡ್ಡದ ಬುಡ ನೆಟ್ಟಗೆ ಕಡಿದ ಮೇಲೆ ಮೇಲಿನ ಮಣ್ಣು ನೀರು ಕುಡಿದು ಕೂತಿರ್ತದೆ. ಕಡಿತದ ಅಂಚಿನಲ್ಲಿ ಉಳಿದ ಜಾಗಕ್ಕೆ ಎಷ್ಟು ಬೆಲೆ ಇದೆ ಹೇಳಿ.

ಹಂಚಿನಮಾಡು
ಈ ಮಾತಿಗೆ ನಾನು ನಿಮ್ಮ ಜೊತೆ. ಅಡ್ಡ ಕೊಯ್ತದ ನಕ್ಷೆ ಕೇಳಿ, ಅದರಲ್ಲಿ ಕಡಿತದ ಆಳ, ಇಳಿಜಾರು, ಧರೆಗೋಡೆ ಇದೆಯೋ ಇಲ್ಲವೋ ಕಾಣ್ತದೆ. ಉಳಿದ ಜಾಗ ಬಳಕೆಗೇ ಬಾರದ ಹಾಗಾದ್ರೆ ಬೇರ್ಪಡಿಕೆ ನಷ್ಟ ಅಂತ 28ರ ಕೆಳಗೆ ಬೇಡಿಕೆಯಲ್ಲಿ ಸೇರಿಸಿ.

ನಡುಮನೆ_ಕುಮಟಾ
ಎಲ್ಲರಿಗೂ ಉಪಕಾರವಾಯ್ತು. ಹಿಂದೆ ಗುಡ್ಡ ಇಲ್ಲ, ಗದ್ದೆಬಯಲು. ಸದ್ಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋದಿಲ್ಲ. ಗುಣಕದ ಅರ್ಜಿ, ಇಡೀ ಮನೆ ತಗೊಳ್ಳಿ ಅನ್ನೋ 94ರ ಪತ್ರ, ಮರು ಅಳತೆಗೆ ಕೋರಿಕೆ ಮೂರನ್ನೂ 21ರ ಬೇಡಿಕೆ ಜೊತೆ ಕೊಡ್ತೇವೆ. ಅತ್ತೆಯರ ಹತ್ತಿರ ಅಪ್ಪನೇ ಮಾತಾಡ್ತಾರೆ. ಅವರು ಮರುಲೆಕ್ಕ ಹಾಕಿ 60ರ ಹತ್ತಿರ ಬಂದ್ರೆ ಆಗ ಒಪ್ಪಿಗೆಗೆ ಸಹಿ ಹಾಕಬಹುದು ಅಲ್ವಾ?

ಪಾಣಿಪತ್ರಿಕೆ
ಇಡೀ ಮನೆ ಅಳೆದ ಮೇಲೆ 14 ಲಕ್ಷ 14 ಆಗಿ ಉಳಿಯೋದಿಲ್ಲ, ಹಾಗಾಗಿ 60 ಅನ್ನೋದನ್ನ ಈಗಲೇ ಮನಸ್ಸಿನಲ್ಲಿ ಗೂಟ ಹೊಡೀಬೇಡಿ. ಬಾಬ್ತುವಾರು ಹಾಳೆ ಬರ್ಲಿ, ಅಂಕಿ ಇಲ್ಲಿ ಹಾಕಿ. ಲೆಕ್ಕ ಸರಿ ಇದ್ದು ಪುನರ್ವಸತಿ ಬೇರೆಯಾಗಿ ಬರೆದಿದ್ರೆ ಸಹಿ ಹಾಕೋದೇ ಒಳ್ಳೇದು, ಸಣ್ಣ ವ್ಯತ್ಯಾಸಕ್ಕೆ ಧಾರವಾಡಕ್ಕೆ ಹೋಗೋದು ವಕೀಲರಿಗೆ ಮಾತ್ರ ಲಾಭ.

ಘಟ್ಟದಮೇಲೆ
ಕೊನೆಗೆ ನಾನು ಹೇಳಿದ್ದೇ ಬಂತು.

ಅಳತೆಗೋಲು
ನೀವು ಹೇಳಿದ್ದು 88 ಲಕ್ಷ, ಆಮೇಲೆ 45 ಸಾಕು. ಯಾವುದು ಬಂತು?

ತೋಟದಬದಿ
ಹಂಚು, ಮರಮುಟ್ಟಿನ ಬಗ್ಗೆ ಯಾರೂ ಹೇಳ್ಲಿಲ್ಲ. ಮನೆ ಬಿಚ್ಚಿದ ಸಾಮಾನು ಮಾಲೀಕರೇ ಒಯ್ಯಬಹುದು, ಅದರ ಬೆಲೆ ಪರಿಹಾರದಿಂದ ಕಳೆಯೋದಿಲ್ಲ ಅಂತ ಐತೀರ್ಪಿನಲ್ಲೋ ಒಪ್ಪಂದದಲ್ಲೋ ಒಂದು ಸಾಲು ಬರೆಸಿ. ಹಂಚು ಮಳೆಗಾಲಕ್ಕೆ ಮೊದಲು ಇಳಿಸಿ, ಪಾಚಿ ಹಿಡಿದ ಒದ್ದೆ ಹಂಚು ಕೈಯಲ್ಲೇ ಒಡೀತದೆ. ಸಾಗುವಾನಿ, ಬೀಟೆಯ ತೊಲೆ ಬಾಗಿಲಿದ್ರೆ ಲಾರಿ ಹತ್ತಿಸೋ ಮೊದಲು ಅರಣ್ಯ ಇಲಾಖೆಯ ಪಾಸು ಬೇಕು, ಹಳೇ ಮನೆಯದ್ದು ಅಂದ್ರೂ ತಪಾಸಣೆ ಗೇಟಿನಲ್ಲಿ ಬಿಡೋದಿಲ್ಲ. ವಲಯ ಅರಣ್ಯಾಧಿಕಾರಿ ಕಚೇರಿಗೆ ಮನೆ ನಂಬರು, ಸ್ವಾಧೀನದ ನೋಟಿಸು, ಸಾಮಾನಿನ ಪಟ್ಟಿ ಮತ್ತೆ ಮನೆ ನಿಂತಿರುವಾಗಲೇ ತೆಗೆದ ಫೋಟೋ ಜೊತೆ ಅರ್ಜಿ ಕೊಡಿ.

ಸುರಗಿ
ಮತ್ತೆ ಇಶಾಡದ ಕಡ್ಡಿ?

ನಡುಮನೆ_ಕುಮಟಾ
ಜೂನ್‌ನಲ್ಲಿ ಬನ್ನಿ, ಕೊಡುವಾ.